ಚೀನಾದ ಹಳೆಯ ಚಿತ್ರಗಳಲ್ಲಿ ಬೆಟ್ಟಗಳೇಕೆ ಕಡುನೀಲಿ?

ಹನ್ನೆರಡನೆಯ ಶತಮಾನದ ಚಿತ್ರಕಾರ ವಾಂಗ್ ಶಿಮೆಂಗ್‌ನ ‘ಸಾವಿರ ಲಿ ನದಿ-ಬೆಟ್ಟಗಳು’ (ಲಿ ಎಂದರೆ ದೂರ ಅಳೆಯುವ ಚೀನೀ ಮಾನ) ಎಂಬ ಸುರುಳಿಚಿತ್ರವನ್ನು ನೋಡಿ, ಚೀನೀ ನಿಸರ್ಗಚಿತ್ರವೆಂದರೆ ಬರಿಯ ಕಪ್ಪು ಮಸಿಯಲ್ಲವೇ, ಈ ನೀಲಿಯನ್ನು ಆಮೇಲೆ ಯಾರಾದರೂ ಬಳಿದರೇ ಎಂದು ಕೇಳಿದ್ದೀರಿ. ಇಲ್ಲ, ಬಣ್ಣ ಅವನದೇ. ಈ ನೀಲಿ-ಹಸಿರು ಪದ್ಧತಿ ಅವನಿಗಿಂತಲೂ ಹಳೆಯದು; ಟಾಂಗ್ ಅರಸರ ಕಾಲದ ಲಿ ಸಿಶುನ್ ಅದರಲ್ಲಿ ಹೆಸರಾಗಿದ್ದ. ಮಸಿಯ ಚಿತ್ರಕ್ಕೆ ಪಂಡಿತರು ಮೇಲಿನ ಮಣೆ ಹಾಕಿದ್ದು ನಂತರದ ಮಾತು. ಬಣ್ಣವೆಂದರೆ ಬರಿಯ ಅಲಂಕಾರ ಎಂಬ ಅವರ ತೀರ್ಪನ್ನು ನಾನಂತೂ ಒಪ್ಪುವುದಿಲ್ಲ.

ನೀಲಿ ಬರುವುದು ಅಜುರೈಟ್‌ನಿಂದ, ಹಸಿರು ಮ್ಯಾಲಕೈಟ್‌ನಿಂದ. ಎರಡೂ ತಾಮ್ರದ ಖನಿಜಗಳೇ. ಕಲ್ಲನ್ನು ಅರೆದು ನೀರಿನಲ್ಲಿ ಕದಡಿಟ್ಟರೆ ದಪ್ಪ ಕಣಗಳು ಮೊದಲು ತಳ ಸೇರುತ್ತವೆ, ಅವುಗಳದು ಕಡುಬಣ್ಣ. ಇನ್ನೂ ತೇಲುತ್ತಿರುವ ನುಣ್ಣನೆಯ ಪುಡಿಯನ್ನು ಬೇರೆಯಾಗಿ ಬಸಿದುಕೊಂಡರೆ ತಿಳಿಬಣ್ಣ. ಹೀಗೆ ಒಂದೇ ಕಲ್ಲಿನಿಂದ ಹಲವು ನೀಲಿಗಳು ಸಿಗುತ್ತವೆ. ಪ್ರಾಣಿಗಳ ಚರ್ಮವನ್ನು ಕುದಿಸಿ ತೆಗೆದ ಅಂಟಿನಲ್ಲಿ ಅವನ್ನು ಕಲಸಿ ರೇಷ್ಮೆಯ ಮೇಲೆ ಪದರ ಪದರವಾಗಿ ಹಚ್ಚುತ್ತಾರೆ.

ಆದರೆ ಮಸಿಯಿಲ್ಲದೆ ಇದು ನಿಲ್ಲದು. ಬೆಟ್ಟದ ಅಂಚು, ಬಂಡೆಯ ಮಡಿಕೆ ಎಲ್ಲವೂ ಮೊದಲು ಮಸಿಯಲ್ಲೇ ಮೂಡುತ್ತವೆ. ಈ ಚಿತ್ರದಲ್ಲಿ ಬೆಟ್ಟದ ಬುಡವನ್ನೊಮ್ಮೆ ಹಿಗ್ಗಿಸಿ ನೋಡಿ: ಅಲ್ಲಿ ಕಾವಿಯ ಬಣ್ಣವಿದೆ. ಮೇಲೇರಿದಂತೆ ಅದು ಹಸಿರಿಗೆ ತಿರುಗಿ ತುದಿಯಲ್ಲಿ ನೀಲಿಯಾಗುತ್ತದೆ. ಕೆಳಗಿನ ಆ ಬೆಚ್ಚನೆಯ ಕಾವಿಯಿಂದಲೇ ಮೇಲಿನ ನೀಲಿ ಇಷ್ಟು ಎದ್ದು ಕಾಣುವುದು.

ಸೊಂಗ್ ಚಕ್ರವರ್ತಿ ಹುಯಿಜೊಂಗ್ ಸ್ವತಃ ಚಿತ್ರಕಾರ. ವಾಂಗ್‌ಗೆ ಅವನೇ ಪಾಠ ಹೇಳಿದ, ಹದಿನೆಂಟರ ಹುಡುಗ ಆರು ತಿಂಗಳೊಳಗೆ ಇದನ್ನು ಮುಗಿಸಿದ ಎಂದು ಮಂತ್ರಿ ತ್ಸಾಯ್ ಜಿಂಗ್ 1113ರಲ್ಲಿ ಬರೆದ ಟಿಪ್ಪಣಿ ಸುರುಳಿಯ ಜೊತೆಗೇ ಉಳಿದಿದೆ. ಎತ್ತರ ಸುಮಾರು 51 ಸೆಂಟಿಮೀಟರ್, ಉದ್ದವೋ ಹತ್ತಿರಹತ್ತಿರ 12 ಮೀಟರ್! ಆ ವಯಸ್ಸಿನಲ್ಲಿ ಅಂಥ ಹಿಡಿತ ಹೇಗೆ ಬಂತೋ ಎಂದು ನನಗೆ ಇಂದಿಗೂ ಬೆರಗು.

ಈಗ ಅದು ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಸುರುಳಿ ಬಿಚ್ಚಿ ಸುತ್ತಿದಷ್ಟೂ ದಪ್ಪ ಬಣ್ಣ ಉದುರುವ ಭಯವಿರುವುದರಿಂದ ಪ್ರದರ್ಶನಕ್ಕಿಡುವುದು ಅಪರೂಪ. ಪರದೆಯ ಮೇಲೆ ನೋಡುವುದಾದರೆ ಬಲದಿಂದ ಎಡಕ್ಕೆ, ಒಂದು ಮೊಳದಷ್ಟು ಭಾಗವನ್ನು ಮಾತ್ರ ಕಣ್ಣೆದುರಿಟ್ಟುಕೊಂಡು ಸಾಗಿ. ಒಟ್ಟಿಗೆ ನೋಡಿದರೆ ದೋಣಿಗಳೂ, ನಡುವೆ ಮಂಟಪವಿರುವ ಆ ಉದ್ದನೆಯ ಸೇತುವೆಯೂ ಕಣ್ತಪ್ಪಿ ಹೋಗುತ್ತವೆ.