17 ಅಂಕ ಮತ್ತು ಒಂದು ಸ್ಕ್ಯಾನ್ ವರದಿ

ತಿಪಟೂರಿನ ಓದುಗರೇ, ನಿಮ್ಮ ಪತ್ರ ತಲುಪಿತು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಿಮ್ಮ ತಾಯಿಗೆ ಎಂಎಂಎಸ್‌ಇ ಎಂಬ ನೆನಪು–ಬುದ್ಧಿಯ ಪರೀಕ್ಷೆಯಲ್ಲಿ 30ಕ್ಕೆ 17 ಬಂದಿದೆ. ರಕ್ತದ ಹರಿವನ್ನು ತೋರಿಸುವ ಸ್ಪೆಕ್ಟ್ ಸ್ಕ್ಯಾನಿನಲ್ಲಿ ಮಿದುಳಿನ ಹಿಂಭಾಗಕ್ಕೆ ರಕ್ತ ಸಂಚಾರ ಕಡಿಮೆ ಎಂದಿದೆ. ರಕ್ತ ಹೆಚ್ಚಿಸುವ ಮಾತ್ರೆ ಕೊಟ್ಟರೆ ನೆನಪು ಮರಳುತ್ತದೆಂದು ನೆಂಟರು ಹೇಳುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ.

ಮಾತ್ರೆಗಿಂತ ಮೊದಲು ಆ 17ನ್ನು ಬಿಡಿಸಿ ನೋಡೋಣ. ಈ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. 100ರಿಂದ ಏಳೇಳು ಕಳೆಯುತ್ತ ಹೋಗುವುದಕ್ಕೆ 5 ಅಂಕ, ಬರೆದದ್ದನ್ನು ಓದಿ ಹಾಗೆಯೇ ಮಾಡುವುದಕ್ಕೆ 1, ವಾಕ್ಯ ಬರೆಯುವುದಕ್ಕೆ 1, ಐದು ಮೂಲೆಯ ಆಕೃತಿಗಳನ್ನು ನಕಲಿಸುವುದಕ್ಕೆ 1. ಅಂದರೆ ಎಂಟು ಅಂಕ ಬಹುಪಾಲು ಸ್ಲೇಟು–ಬಳಪದ ರೂಢಿಗೆ ಸೇರಿದ್ದು. ಸಂತೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಹೆಂಗಸರೂ ಇಲ್ಲಿ ತಡವರಿಸುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ರೂಪಿಸಿದ ಹಿಂದಿ ಪರೀಕ್ಷೆಯಲ್ಲಿ, ಓದಿಸುವ ಬದಲು ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ಹೇಳಿ ಕಣ್ಣು ಮುಚ್ಚಿ ತೋರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ; ಅದನ್ನು ಮಾಡಿಸಲಾದೀತೇ ಎಂದು ವೈದ್ಯರನ್ನು ಕೇಳಿ. ಅಂಕ ಹೋದದ್ದು ಎಲ್ಲಿ ಎಂಬುದನ್ನೂ ಕೇಳಿ. ಹೇಳಿಕೊಟ್ಟ ಮೂರು ಪದ ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋಗಿದ್ದರೆ, ಕೂತ ಊರೇ ಗೊತ್ತಾಗದಿದ್ದರೆ ಅದು ಕಳೆಯುವ ಲೆಕ್ಕ ತಪ್ಪಿದ್ದಕ್ಕಿಂತ ಗಂಭೀರ.

ಇನ್ನು ರಕ್ತದ ಮಾತು. ಮಿದುಳಿನಲ್ಲಿ ಜೀವಕೋಶಗಳು ದುಡಿಯುವ ಕಡೆಗೆ ಹೆಚ್ಚು ರಕ್ತ ಹರಿಯುತ್ತದೆ. ಮರೆವಿನ ಕಾಯಿಲೆಯಾದ ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಕಿವಿಯ ಪಕ್ಕದ ಮತ್ತು ನೆತ್ತಿಯ ಹಿಂದಿನ ಭಾಗಗಳ ಕೋಶಗಳು ಸೊರಗುತ್ತವೆ, ಬೇಡಿಕೆ ತಗ್ಗುತ್ತದೆ, ಹರಿವೂ ತಗ್ಗುತ್ತದೆ. ಬಿತ್ತನೆಯಿಲ್ಲದ ಗದ್ದೆಗೆ ನಾಲೆ ತಿರುಗಿಸಿದರೆ ಪೈರು ಬಾರದು. ಹಾಗಂತ ರಕ್ತನಾಳಗಳು ನಿರ್ದೋಷಿಗಳೆಂದು ಹೇಳಲಾರೆ: ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಪ್ರೋಟೀನು ಅವುಗಳ ಗೋಡೆಯಲ್ಲೂ ಕೂರುತ್ತದೆ, ಸಣ್ಣ ನಾಳಗಳನ್ನು ಬಿಗಿಯುತ್ತದೆ ಎಂದು 2019ರ ಸಂಶೋಧನೆ ತೋರಿಸಿದೆ. ಆದರೆ ಇದನ್ನು ಸರಿಪಡಿಸಿ ನೆನಪು ತಂದುಕೊಡುವ ಮಾತ್ರೆ ಇನ್ನೂ ಬಂದಿಲ್ಲ. ರಕ್ತ ಸಂಚಾರ ಹೆಚ್ಚಿಸುತ್ತದೆಂದು ಮಾರುವ, ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು ಅಮೆರಿಕದಲ್ಲಿ 3,069 ಹಿರಿಯರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಮರೆವಿನ ಕಾಯಿಲೆಯನ್ನು ಅದು ತಡೆಯಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು. ರಕ್ತ ತೆಳುಮಾಡುವ ಮಾತ್ರೆಯನ್ನಂತೂ ವೈದ್ಯರು ಬರೆಯದೆ ಕೊಡಲೇಬೇಡಿ. ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಇರುವವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ.

ಬಿ12 ವಿಟಮಿನ್, ಥೈರಾಯ್ಡ್, ಕಿವಿ, ಮನಸ್ಸಿನ ಖಿನ್ನತೆ ಇವನ್ನು ನೋಡಿದ್ದಾರೆಯೇ ಎಂದು ನೀವು ಬರೆದಿಲ್ಲ. ನೋಡಿರದಿದ್ದರೆ ಮೊದಲು ಅದಾಗಲಿ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ನಾಳಗಳಿಗೆ ನಾವು ಮಾಡಬಹುದಾದ ಉಪಕಾರ ಅದೇ. ಅಂಕಪಟ್ಟಿಯ ಪ್ರತಿಯನ್ನು ಮರೆಯದೆ ಇಸಿದುಕೊಳ್ಳಿ, ಮುಂದಿನ ಪರೀಕ್ಷೆಯನ್ನು ಹೋಲಿಸಿ ನೋಡಲು ಬೇಕಾಗುತ್ತದೆ.

— ಸಂಪಾದಕ