ಗದ್ದೆಯ ಮಾತು ಆಮೇಲೆ, ಮೊದಲು ಸಾಲ ಎಷ್ಟಿದೆ ಅಂತ ಕೇಳಿ

ಹೊಸನಗರ ತಾಲ್ಲೂಕಿನ ಸಹೋದರಿಯೊಬ್ಬರು ಬರೆದ ಪತ್ರ ಈ ವಾರ ನನ್ನನ್ನು ತುಂಬಾ ಕಾಡಿತು. ನಾಲ್ಕು ಪುಟದ ಪತ್ರ. ಚುಟುಕಾಗಿ ಹೇಳುತ್ತೇನೆ. ಕ್ರೈಸ್ತ ಕುಟುಂಬ. ಮದುವೆಯಾಗಿ ಹದಿನಾಲ್ಕು ವರ್ಷ. ಸ್ವಲ್ಪ ಅಡಿಕೆ ತೋಟ, ಹಳ್ಳದ ಪಕ್ಕ ಎರಡು ಎಕರೆ ಗದ್ದೆ. ಆ ಗದ್ದೆಯನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಡಲು ಯಜಮಾನರು ಹೊರಟಿದ್ದಾರೆ. ಇವರಿಗೆ ಸುತರಾಂ ಇಷ್ಟವಿಲ್ಲ.

ಇವರು ಸುಮ್ನೆ ಹಟ ಮಾಡುವವರಲ್ಲ. ಭೂಮಿಯನ್ನು ಕಾಪಾಡುವ ಬಗ್ಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ‘ಲೌದಾತೋ ಸಿ’ ಪತ್ರವನ್ನು ಓದಿಕೊಂಡು, ಚರ್ಚಿನಲ್ಲಿ ಉಳಿದವರಿಗೆ ತಿಳಿಸಿ ಹೇಳುವವರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಸೃಷ್ಟಿಗಾಗಿ ಪ್ರಾರ್ಥನೆ ಮಾಡುವ ದಿನಗಳಲ್ಲಿ ಮನೆ ಮನೆಗೆ ಸಸಿ ಹಂಚಿದವರು. “ಈಗ ನಮ್ಮ ಗದ್ದೆಗೇ ವಿಷ ಬಿದ್ದರೆ ಯಾವ ಮುಖ ಇಟ್ಟುಕೊಂಡು ಪೂಜೆಗೆ ಹೋಗಲಿ? ಗಂಡನ ಮಾತು ಕೇಳಬೇಕೋ, ಮಣ್ಣು ಉಳಿಸಬೇಕೋ?” ಇದು ಅವರ ಪ್ರಶ್ನೆ.

ಸಹೋದರಿ, ನಿಮ್ಮ ಆತಂಕ ಸುಳ್ಳಲ್ಲ. ಶುಂಠಿಗೆ ನೀರು ನಿಲ್ಲಬಾರದು. ಅದಕ್ಕಾಗಿ ಗದ್ದೆಯ ಅಂಚು ಒಡೆದು, ಆಳಕ್ಕೆ ಚರಂಡಿ ತೆಗೆದು, ಎತ್ತರದ ಮಡಿ ಹಾಕುತ್ತಾರೆ. ಮಳೆ ನೀರು ನಿಂತು ಇಂಗುತ್ತಿದ್ದ ಜಾಗದಿಂದ ನೀರು ಸೀದಾ ಹಳ್ಳ ಸೇರುತ್ತದೆ. ಗೊಬ್ಬರ, ಔಷಧಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಗಡ್ಡೆ ಕೊಳೆಯುವ ರೋಗ ಮಣ್ಣಿನಲ್ಲೇ ಉಳಿಯುವಂಥದ್ದು. ಹಾಗಾಗಿಯೇ ಗುತ್ತಿಗೆಯವರು ಬೆಳೆ ತೆಗೆದುಕೊಂಡು ಬೇರೆ ಗದ್ದೆ ಹುಡುಕುತ್ತಾರೆ. ಅವರು ಹೋದ ಮೇಲೆ ಮತ್ತೆ ಮಟ್ಟ ಮಾಡಿ, ಅಂಚು ಕಟ್ಟಿ, ಭತ್ತಕ್ಕೆ ತರುವ ಖರ್ಚು ಗದ್ದೆಯವರ ತಲೆಗೆ ಬರುತ್ತದೆ. ಕೊಡದಿದ್ದರೇ ಒಳ್ಳೆಯದು ಅಂತಲೇ ನನಗೂ ಅನ್ನಿಸುತ್ತದೆ.

ಆದರೆ ಮೂರನೇ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀರಿ. “ಸೊಸೈಟಿ ಸಾಲ ಎಷ್ಟಿದೆಯೋ ಗೊತ್ತಿಲ್ಲ, ಆ ವ್ಯವಹಾರವೆಲ್ಲ ಅವರದ್ದೇ.” ಅಷ್ಟು ಬರೆದು ಮತ್ತೆ ಹಳ್ಳದ ಮೀನಿನ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಮಾತ್ರ ಅಲ್ಲಿಂದ ಮುಂದೆ ಹೋಗಲಾರೆ.

ಎರಡು ವರ್ಷದಿಂದ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಬಿದ್ದುಹೋಗಿದೆ ಅಂತ ನೀವೇ ಬರೆದಿದ್ದೀರಿ. ಸೊಸೈಟಿಯ ಬೆಳೆ ಸಾಲಕ್ಕೆ ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲ, ನಿಜ. ಆದರೆ ಅದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಅಡಿಕೆ ಕೈಕೊಟ್ಟ ವರ್ಷ ದುಡ್ಡು ಎಲ್ಲಿಂದ ತರುವುದು? ಶುಂಠಿಯವರು ಮುಂಗಡ ಕೊಡುತ್ತಾರೆ. ನಿಮ್ಮ ಯಜಮಾನರು ಗದ್ದೆ ಕೊಡಲು ಹೊರಟಿದ್ದು ಆಸೆಗೋ, ಇಕ್ಕಟ್ಟಿಗೋ? ನೀವು ಕೇಳಿಯೇ ಇಲ್ಲ.

ಇನ್ನೊಂದು ಮಾತು. “ರಾತ್ರಿ ಜಪಸರಕ್ಕೆ ಕೂರುವುದಿಲ್ಲ, ಊಟ ಮುಗಿಸಿ ಟಾರ್ಚ್ ಹಿಡಿದು ಗದ್ದೆ ಕಡೆ ಹೋಗುತ್ತಾರೆ, ಹಂದಿ ಬಂದಿದೆಯಾ ನೋಡುತ್ತೇನೆ ಅಂತಾರೆ.” ಇದನ್ನು ಅವರ ಭಕ್ತಿ ಕಡಿಮೆಯಾದ ಲಕ್ಷಣ ಅಂತ ಬರೆದಿದ್ದೀರಿ. ಸಹೋದರಿ, ಕೊಯ್ಲು ಮುಗಿದು ಬರೀ ಕೂಳೆ ಉಳಿದಿರುವ ಗದ್ದೆಯಲ್ಲಿ ಹಂದಿ ಬಂದು ತಿನ್ನುವುದಕ್ಕೆ ಏನಿದೆ? ಆ ಮನುಷ್ಯನಿಗೆ ಗದ್ದೆ ಬಿಟ್ಟುಕೊಡಲು ಮನಸ್ಸಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ಬಾಯಿಲ್ಲ. ಸಾಲ ಮುಚ್ಚಿಟ್ಟಿದ್ದು ಅವರ ತಪ್ಪೇ, ಒಪ್ಪುತ್ತೇನೆ. ಆದರೂ ಈ ಪತ್ರ ಓದಿ ನನ್ನ ಕರುಳು ಚುರ್ ಅಂದಿದ್ದು ಅವರಿಗಾಗಿ.

ಬೈಬಲಿನ ಆದಿಕಾಂಡ ಎರಡನೇ ಅಧ್ಯಾಯದ 15ನೇ ವಚನವನ್ನು ನೆನಪಿಸಿದ್ದೀರಿ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟಿದ್ದು ಅದನ್ನು ಉಳಲಿಕ್ಕೆ, ಕಾಯಲಿಕ್ಕೆ. ಸರಿ, ಅಲ್ಲಿಗೇ ನಿಲ್ಲಿಸಬೇಡಿ, ಇನ್ನು ಮೂರು ವಚನ ಓದಿ. 18ರಲ್ಲಿ, ಮನುಷ್ಯ ಒಬ್ಬನೇ ಇರುವುದು ಒಳ್ಳೆಯದಲ್ಲ ಅನ್ನುತ್ತಾರೆ ದೇವರು. ತೋಟ ಒಪ್ಪಿಸಿ ಆದ ಮೇಲೆ ಬಂದ ಮಾತು ಅದು. 24ಕ್ಕೆ ಬರುವಷ್ಟರಲ್ಲಿ ಗಂಡ ಹೆಂಡತಿ ಒಂದೇ ಶರೀರ. ತೋಟ, ಮದುವೆ ಎರಡೂ ಒಂದೇ ಅಧ್ಯಾಯದಲ್ಲಿವೆ. ನೀವು ನೋಡಿದರೆ ಎರಡರಲ್ಲಿ ಯಾವುದು ಅಂತ ನನ್ನನ್ನು ಕೇಳುತ್ತಿದ್ದೀರಿ. ನಿಮ್ಮ ಮನೆಯಲ್ಲಿ ಒಬ್ಬರು ಮಣ್ಣಿನ ಚಿಂತೆ ಹೊತ್ತಿದ್ದಾರೆ, ಇನ್ನೊಬ್ಬರು ಸಾಲದ ಚಿಂತೆ. ಎರಡೂ ಅದೇ ಎರಡು ಎಕರೆಯ ಚಿಂತೆ, ಅಲ್ವಾ?

ಇನ್ನು ನಿಮ್ಮ ಭಾವನವರು. ನನಗೆ ಸಿಟ್ಟು ಬಂದಿದ್ದು ಇವರ ಮೇಲೆ. ದುಬೈನಲ್ಲಿ ಕೂತು “ಗದ್ದೆ ಸುಮ್ನೆ ಬಿದ್ದಿದೆ, ಶುಂಠಿಗೆ ಕೊಡೋ” ಅಂತ ತಮ್ಮನಿಗೆ ಹೇಳಿದ್ದು ಇವರೇ. ಅಡಿಕೆ ದುಡ್ಡಿನಲ್ಲಿ ವರ್ಷ ವರ್ಷ ಪಾಲು ಬೇಕು, ರೋಗದ ಖರ್ಚಿನಲ್ಲಿ ಪಾಲಿಲ್ಲ. ಸಾಲದ್ದಕ್ಕೆ ನಿಮಗೆ ವಾಟ್ಸಾಪ್‌ನಲ್ಲಿ ಸಂತ ಪೌಲರ ಉಪದೇಶ ಬೇರೆ: ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು. ಅದು ಎಫೆಸಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯ, 22ನೇ ವಚನ. ಅದರ ಹಿಂದಿನ ವಚನವನ್ನು ಅವರು ಕಳಿಸಲಿಲ್ಲ. ಒಬ್ಬರಿಗೊಬ್ಬರು ಅಧೀನರಾಗಿರಿ ಅನ್ನುತ್ತದೆ 21. ಗಂಡ ಹೆಂಡತಿಗಾಗಿ ತನ್ನನ್ನೇ ಕೊಡಬೇಕು, ಕ್ರಿಸ್ತರು ಧರ್ಮಸಭೆಗಾಗಿ ಕೊಟ್ಟ ಹಾಗೆ, ಅನ್ನುತ್ತದೆ 25. ಅರ್ಧ ವಚನ ಹಿಡಿದುಕೊಂಡು ಬೇರೆಯವರ ಸಂಸಾರ ನಡೆಸಲು ಬರುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ, ಬೇಜಾರಿಲ್ಲದೆ ಇನ್ನೊಮ್ಮೆ ಬರೆಯುತ್ತೇನೆ. ದುಡ್ಡಿನ ಲೆಕ್ಕ ಒಬ್ಬರಿಗೆ ಮಾತ್ರ ಗೊತ್ತಿರುವ ಮನೆಯಲ್ಲಿ ಯಾವ ಒಳ್ಳೆಯ ಕೆಲಸವೂ ನೆಲೆ ನಿಲ್ಲುವುದಿಲ್ಲ. ಪ್ರಾರ್ಥನೆಯೂ ನೆಲೆ ನಿಲ್ಲುವುದಿಲ್ಲ.

ಅದಕ್ಕೇ ನಿಮಗೆ ನಾನು ಹೇಳುವುದು ಒಂದೇ ಕೆಲಸ. ಅಗ್ರಿಮೆಂಟಿಗೆ ಇನ್ನೂ ಸಹಿ ಆಗಿಲ್ಲ ಅಂತ ಬರೆದಿದ್ದೀರಿ. ಈ ಭಾನುವಾರ ಪೂಜೆ ಮುಗಿಸಿ ಬಂದು, ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ, ಸೊಸೈಟಿ ಪಾಸ್‌ಬುಕ್ ಕೊಡಿ ಅಂತ ಕೇಳಿ. ಶುಂಠಿಯ ಸುದ್ದಿ ಎತ್ತಬೇಡಿ. ‘ಲೌದಾತೋ ಸಿ’ ಅಂತೂ ಬೇಡವೇ ಬೇಡ. ಸಾಲ ಎಷ್ಟು, ಗಡುವು ಯಾವತ್ತು, ತೋಟದ ಔಷಧಿಗೆ ಖರ್ಚಾಗಿದ್ದು ಎಷ್ಟು, ಇಷ್ಟನ್ನೇ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಮೊತ್ತ ಜಾಸ್ತಿ ಇದ್ದರೆ “ಇಷ್ಟೊಂದಾ” ಅನ್ನಬೇಡಿ. ಬರೆದಾದ ಮೇಲೆ ದುಬೈಗೆ ಯಜಮಾನರೇ ಫೋನ್ ಮಾಡಲಿ, ಭಾವನವರ ಪಾಲಿಗೆ ಎಷ್ಟು ಬರುತ್ತದೆ ಅಂತ ಹೇಳಲಿ. ಫೋನಿನ ಸ್ಪೀಕರ್ ಆನ್ ಮಾಡಿ, ನೀವು ಪಕ್ಕದಲ್ಲೇ ಕೂತಿರಿ.