ಕೆದಕಬೇಡಿ, ಫಾರಂ ತುಂಬಿಸಿ

ನಿರಾಶ್ರಿತರ ನೆರವಿನ ಕೇಂದ್ರಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಸೈಕಾಲಜಿ, ಸಮಾಜಕಾರ್ಯದ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ತಿರುಗಿ ತಿರುಗಿ ಬರುವುದು ಒಂದೇ ಪ್ರಶ್ನೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೆ. ಗೋಪ್ಯತೆ ಯಾಕೆ, ಒಪ್ಪಿಗೆ ಪತ್ರ ಯಾಕೆ ಎಂಬುದೆಲ್ಲ ನಿಮ್ಮ ಪಠ್ಯದಲ್ಲೇ ಇದೆ, ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಮುಗಿಸಿ, ಚಿತ್ರಹಿಂಸೆ ಅನುಭವಿಸಿ ಬಂದ ನಿರಾಶ್ರಿತರ ಪುನರ್ವಸತಿ ಕೇಂದ್ರದಲ್ಲಿ ಇಂಟರ್ನ್ ಆಗಿದ್ದೇನೆ. ಫಾರಂ ತುಂಬಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡುವುದು, ಇಷ್ಟೇ ಕೆಲಸ. ನಿಜವಾದ ಕೌನ್ಸೆಲಿಂಗ್ ಯಾವಾಗ? ಒಬ್ಬ ಮಹಿಳೆಗೆ ನನ್ನ ಮೇಲೆ ತುಂಬಾ ನಂಬಿಕೆ ಇದೆ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಂಡರೆ ಅವರಿಗೆ ಹಗುರವಾಗುವುದಿಲ್ಲವೇ? ಹೇಗೆ ಕೇಳಲಿ?

ಉತ್ತರ: ಕೇಳಬೇಡಿ. ತಾವಾಗಿ ಹೇಳಿದರೆ ಕಿವಿಗೊಡಿ.

‘ಎಲ್ಲ ಹೊರಗೆ ಹಾಕಿದರೆ ಹಗುರ’ ಎಂಬ ನಂಬಿಕೆ ಓದಿದವರನ್ನೂ ಬಿಟ್ಟಿಲ್ಲ. ದುರಂತವಾದ ಕೂಡಲೇ ಜನರನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ‘ಡಿಬ್ರೀಫಿಂಗ್’ ಪದ್ಧತಿ 1980ರ ದಶಕದಲ್ಲಿ ಶುರುವಾಗಿ ಬಹಳ ಕಡೆ ಹಬ್ಬಿತು. ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಮುಂದೆ ಆಘಾತದ ಕಾಯಿಲೆ ತಪ್ಪುತ್ತದೆಯೇ ಎಂದು ಪರೀಕ್ಷಿಸಿದಾಗ ಆಧಾರ ಸಿಗಲಿಲ್ಲ. ಕೆಲವು ಅಧ್ಯಯನಗಳಲ್ಲಿ ಹಾನಿಯೇ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ಗಮನಿಸುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿಗೆ ಜೋಡಿಸುವುದು. ನಡೆದದ್ದನ್ನು ಹೇಳುವಂತೆ ಒತ್ತಾಯಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ.

ಕಥೆ ಹೇಳಿಸುವ ಚಿಕಿತ್ಸೆಗಳೂ ಇವೆಯಲ್ಲ ಎನ್ನುತ್ತೀರಿ. ಇವೆ. ನರೇಟಿವ್ ಎಕ್ಸ್‌ಪೋಷರ್ ಥೆರಪಿಯಲ್ಲಿ ಇಡೀ ಬದುಕನ್ನು ನೆಲದ ಮೇಲೆ ಹಗ್ಗವಾಗಿ ಹಾಸಿ, ಒಳ್ಳೆಯ ಘಟನೆಗೆ ಹೂವು, ಕೆಟ್ಟದ್ದಕ್ಕೆ ಕಲ್ಲು ಇಟ್ಟು, ಹುಟ್ಟಿನಿಂದ ಕ್ರಮವಾಗಿ ಮಾತಾಡುತ್ತಾ ಬರುತ್ತಾರೆ. ಉಗಾಂಡಾದ ನಕಿವಾಲೆಯಲ್ಲಿ ನಿರಾಶ್ರಿತರಿಗೇ ತರಬೇತಿ ಕೊಟ್ಟು ಇದನ್ನು ಮಾಡಿಸಿ ಫಲವನ್ನೂ ಕಂಡಿದ್ದಾರೆ. ಹಾಗಾಗಿ ನಿಮ್ಮ ಡಿಗ್ರಿ ಸಾಲದು ಎಂಬುದು ನನ್ನ ತಕರಾರಲ್ಲ. ಆದರೆ ಅವರು ಆ ವಿಧಾನವನ್ನೇ ಕಲಿತಿದ್ದರು, ಮೇಲೆ ನೋಡಿಕೊಳ್ಳುವವರಿದ್ದರು. ನೀವು ಕೆಲವು ತಿಂಗಳಲ್ಲಿ ಹೊರಡುವವರು. ಗಾಯ ಬಿಚ್ಚಿಟ್ಟು ಹೋದರೆ ಹೊಲಿಯುವವರು ಯಾರು?

ಇನ್ನು ಫಾರಂ. ಅದನ್ನು ಗುಮಾಸ್ತರ ಕೆಲಸ ಅಂದುಕೊಂಡಿದ್ದೀರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಹೆಸರು, ತಂದೆಯ ಹೆಸರು, ಊರು, ಜೊತೆಗೆ ಯಾರಿದ್ದರು, ಯಾವಾಗ ಹೊರಟಿರಿ: ವಿಚಾರಣೆಯ ಕೋಣೆಯಲ್ಲೂ ಇವನ್ನೇ ಕೇಳಿರುತ್ತಾರೆ, ಹೊಡೆಯುತ್ತಾ ಕೇಳಿರುತ್ತಾರೆ. ನೀವೂ ಮೇಜಿನಾಚೆ ಕುಳಿತು, ತಲೆಯೆತ್ತದೆ, ಪೆನ್ನು ಹಿಡಿದು ಅದನ್ನೇ ಕೇಳಿದರೆ ಆಕೆಯ ಮೈ ನಡುಗದೆ ಇರುತ್ತದೆಯೇ? ಫಾರಂ ಆಕೆಗೆ ಕಾಣುವಂತೆ ತಿರುಗಿಸಿಡಿ. ಯಾವ ಪ್ರಶ್ನೆ ಯಾತಕ್ಕೆ, ಉತ್ತರವನ್ನು ಯಾರು ಓದುತ್ತಾರೆ ಎಂದು ಮೊದಲೇ ಹೇಳಿ. ಬಾಗಿಲಿಗೆ ಹತ್ತಿರದ ಕುರ್ಚಿ ಆಕೆಗಿರಲಿ. ಬಾಗಿಲು ಹಾಕಲೋ ಬೇಡವೋ ಎಂದು ಆಕೆಯನ್ನೇ ಕೇಳಿ. ‘ಇದಕ್ಕೆ ಇವತ್ತೇ ಉತ್ತರ ಕೊಡಬೇಕಾಗಿಲ್ಲ’ ಎಂಬ ಮಾತು ಸದಾ ನಾಲಿಗೆಯ ತುದಿಯಲ್ಲಿರಲಿ. ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಹುಬ್ಬೇರಿಸಬೇಡಿ. ದಾಖಲೆ ಇಲ್ಲದವರಿಗೆ ಅಧಿಕಾರಿಗಳೇ ಆ ತಾರೀಕು ಬರೆದುಬಿಡುವುದು ಎಷ್ಟೋ ದೇಶಗಳಲ್ಲಿ ರೂಢಿ.

ಆಸ್ಪತ್ರೆಗೆ ಜೊತೆಗೆ ಹೋಗುವುದೂ ಸಣ್ಣ ಕೆಲಸವಲ್ಲ. ಮೈಗೆ ಕರೆಂಟು ಕೊಡಿಸಿಕೊಂಡವರಿಗೆ ಎದೆಗೆ ಅಂಟಿಸುವ ಇಸಿಜಿ ತಂತಿಯೇ ಭಯ. ಅಂಗಾಲಿಗೆ ಹೊಡೆತ ತಿಂದವರಿಗೆ ವರ್ಷಗಳಾದ ಮೇಲೂ ನಡೆಯುವಾಗ ನೋವಿರುತ್ತದೆ. ಮೆಟ್ಟಿಲು ಹತ್ತಿಸಿ, ‘ಸಹಕರಿಸುತ್ತಿಲ್ಲ’ ಎಂದು ಬರೆಯಬೇಡಿ. ತಲೆ ನೀರಿಗೆ ಅದ್ದಿಸಿಕೊಂಡವರನ್ನು ದಂತವೈದ್ಯರ ಕುರ್ಚಿಯಲ್ಲಿ ಮಲಗಿಸಿ ಬಾಯಿಗೆ ನೀರು ಬಿಟ್ಟರೆ ಏನಾಗಬಹುದು, ನೀವೇ ಯೋಚಿಸಿ. ಆಕೆಯ ಒಪ್ಪಿಗೆ ಪಡೆದು ಡಾಕ್ಟರ ಹತ್ತಿರ ಮೊದಲೇ ಮಾತಾಡಿ: ಏನೇ ಮಾಡುವುದಿದ್ದರೂ ಹೇಳಿ ಮಾಡಿ, ಕೈ ಎತ್ತಿದರೆ ನಿಲ್ಲಿಸಿ. ಹೀಗೆ ಹೇಳಲು ಒಬ್ಬರಿದ್ದರೆ ತಪಾಸಣೆ ನಡೆಯುತ್ತದೆ. ಇಲ್ಲದಿದ್ದರೆ ಆಕೆ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕದಿರಬಹುದು. ಇದು ಚಿಕಿತ್ಸೆಯಲ್ಲದೆ ಮತ್ತೇನು?

ಮಾತಿನ ನಡುವೆ ನೋಟ ಎಲ್ಲೋ ನೆಟ್ಟು, ಉಸಿರು ಏರಿ, ನಿಮ್ಮ ದನಿ ಕೇಳಿಸದಂತಾದರೆ ಮುಟ್ಟಬೇಡಿ. ‘ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡಿ’ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಕಣ್ಣು ಮುಚ್ಚಿದರೆ ಎಷ್ಟೋ ಮಂದಿಗೆ ವಿಚಾರಣೆಯ ಆ ಕೋಣೆಯೇ ಕಾಣುತ್ತದೆ. ಹೆಸರು ಹಿಡಿದು ಕರೆಯಿರಿ. ಇವತ್ತು ಯಾವ ವಾರ, ಇದು ಯಾವ ಜಾಗ, ನೀವು ಯಾರು ಎಂದು ಸಹಜ ದನಿಯಲ್ಲಿ ಹೇಳಿ. ಪಾದವನ್ನು ನೆಲಕ್ಕೆ ಒತ್ತಲು, ಸುತ್ತ ಇರುವ ವಸ್ತುಗಳ ಹೆಸರು ಹೇಳಲು ಹೇಳಿ. ಸುಧಾರಿಸಿಕೊಂಡ ಮೇಲೆ ‘ಏನು ನೆನಪಾಯಿತು?’ ಎನ್ನಬೇಡಿ. ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸಿ.

ಕೆದಕಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಆಕೆಯ ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿರಲಿಕ್ಕಿಲ್ಲ. ಬ್ರಿಟನ್‌ನಲ್ಲಿದ್ದ ಬೋಸ್ನಿಯಾ, ಕೊಸೊವೊ ನಿರಾಶ್ರಿತರನ್ನು ಎರಡೆರಡು ಸಲ ಸಂದರ್ಶಿಸಿ, 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಿಗೆ ಅಲ್ಲಿರಲು ಅನುಮತಿ ಆಗಲೇ ಸಿಕ್ಕಿತ್ತು, ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಒಂದೇ ಘಟನೆಯ ವಿವರ ಎರಡನೇ ಸಲ ಬದಲಾಯಿತು. ಆಘಾತದ ಲಕ್ಷಣ ಹೆಚ್ಚಿದ್ದವರಲ್ಲಿ, ಎರಡು ಸಂದರ್ಶನಗಳ ನಡುವೆ ಹೆಚ್ಚು ಕಾಲ ಕಳೆದಾಗ ವ್ಯತ್ಯಾಸವೂ ಹೆಚ್ಚಿತ್ತು. ನೆನಪಿನ ಸ್ವಭಾವವೇ ಅದು. ಅರ್ಜಿ ನೋಡುವ ಅಧಿಕಾರಿಗೆ ಮಾತ್ರ ಅದು ಸುಳ್ಳಾಗಿ ಕಾಣಬಹುದು. ನೀವು ಉತ್ಸಾಹದಿಂದ ಕೆದಕಿ, ಊಹಿಸಿ ಫೈಲಿನಲ್ಲಿ ಬರೆದಿಟ್ಟ ಒಂದು ತಾರೀಕು ನಾಳೆ ಆಕೆಯ ಹೇಳಿಕೆಗೆ ತಾಳೆಯಾಗದಿದ್ದರೆ ಬೆಲೆ ತೆರುವವರು ಆಕೆ. ಚಿತ್ರಹಿಂಸೆಯನ್ನು ದಾಖಲಿಸುವ ಕ್ರಮವನ್ನು ಇಸ್ತಾಂಬುಲ್ ಪ್ರೋಟೊಕಾಲ್ ಎಂಬ ವಿಶ್ವಸಂಸ್ಥೆಯ ಕೈಪಿಡಿ ಹೇಳುತ್ತದೆ. 1999ರದು, 2022ರಲ್ಲಿ ಪರಿಷ್ಕರಿಸಿದ್ದಾರೆ. ಅದು ತರಬೇತಾದ ತಜ್ಞರ ಕೆಲಸ, ಇಂಟರ್ನ್‌ಗಳದ್ದಲ್ಲ.

ನೀವು ಹೊರಡುವ ದಿನ ಯಾವುದೆಂದು ಆಕೆಗೆ ಇನ್ನೂ ಹೇಳಿಲ್ಲವಾದರೆ ಈ ವಾರವೇ ಹೇಳಿ. ಆಕೆಯ ಬದುಕಿನಲ್ಲಿ ಹೇಳದೆ ಮಾಯವಾದವರು ಈಗಾಗಲೇ ಬೇಕಾದಷ್ಟಿದ್ದಾರೆ.

ಪ್ರಶ್ನೆ: ಒಂದೇ ದಿನದ ಆನ್‌ಲೈನ್ ‘ಟ್ರಾಮಾ ಹೀಲರ್’ ಕೋರ್ಸ್ ಮಾಡಿದ್ದೇನೆ. ಹಿಪ್ನಾಟಿಸಂನಿಂದ ಕೆಟ್ಟ ನೆನಪು ಅಳಿಸಬಹುದು ಎಂದು ಕಲಿಸಿದರು. ಬಳಸಲೇ?

ಉತ್ತರ: ಬಳಸಿದರೆ ಅದು ಅಪರಾಧಕ್ಕೆ ಸಮ. ನೆನಪು ಅಳಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಇದೆ ಎನ್ನುವವರು ಹಣಕ್ಕಾಗಿ ಹೇಳುತ್ತಾರೆ, ನೊಂದವರ ಮೇಲೆ ಪ್ರಯೋಗ ಮಾಡಲು ನಿಮ್ಮನ್ನು ಕಳಿಸುತ್ತಾರೆ. ಆ ಸರ್ಟಿಫಿಕೇಟನ್ನು ಬಯೋಡೇಟಾದಿಂದ ತೆಗೆದುಹಾಕಿ.

ಪ್ರಶ್ನೆ: ದುಭಾಷಿ ಸಿಗದಿದ್ದಾಗ ಅವರ ಮಗಳನ್ನೇ ಕೂರಿಸಿಕೊಳ್ಳಬಹುದೇ? ಚುರುಕು ಹುಡುಗಿ.

ಉತ್ತರ: ಕೂಡದು. ತಾಯಿಗೆ ಆದದ್ದನ್ನು ಮಗುವಿನ ಬಾಯಿಂದ ಹೇಳಿಸುತ್ತೀರಾ? ಫೋನ್‌ನಲ್ಲಾದರೂ ತರಬೇತಾದ ದುಭಾಷಿಯನ್ನು ಹಿಡಿಯಿರಿ.

ಪ್ರಶ್ನೆ: ಭಯಂಕರವಾದದ್ದನ್ನು ನಗುತ್ತಾ ಹೇಳುತ್ತಾರೆ. ಸುಳ್ಳಿರಬಹುದೇ?

ಉತ್ತರ: ನಗುವಿನಿಂದ ಸತ್ಯ ಸುಳ್ಳು ಗೊತ್ತಾಗುವುದಿಲ್ಲ.

ಪ್ರಶ್ನೆ: ಇತ್ತೀಚೆಗೆ ನಿದ್ದೆ ಬರುತ್ತಿಲ್ಲ, ಅವರು ಹೇಳಿದ್ದು ನನ್ನ ಕನಸಿಗೆ ಬರುತ್ತದೆ. ಸೂಪರ್‌ವೈಸರ್‌ಗೆ ಹೇಳಿದರೆ ನಾನು ಈ ಕೆಲಸಕ್ಕೆ ಲಾಯಕ್ಕಲ್ಲ ಎನ್ನುತ್ತಾರೇನೋ.

ಉತ್ತರ: ನಾಳೆಯೇ ಹೇಳಿ. ಕೇಳಿಸಿಕೊಳ್ಳುವವರಿಗೂ ಈ ನೋವು ತಟ್ಟುತ್ತದೆ, ಇದು ದೌರ್ಬಲ್ಯವಲ್ಲ. ಮುಚ್ಚಿಟ್ಟು ಮುಂದುವರಿದರೆ ನಿಮಗೂ ಕಷ್ಟ, ನಿಮ್ಮ ಎದುರು ಕುಳಿತವರಿಗೂ ಕಷ್ಟ. ವಾರಕ್ಕೊಮ್ಮೆ ಕೂತು ನಿಮ್ಮ ಮಾತು ಕೇಳುವವರು ಆ ಕೇಂದ್ರದಲ್ಲಿ ಇಲ್ಲವೆಂದಾದರೆ ಬೇರೆ ಕೇಂದ್ರ ನೋಡಿಕೊಳ್ಳಿ. ಅಂಕ ಹೋದರೆ ಹೋಗಲಿ.

ಪ್ರಶ್ನೆ: ಮುಖ ಕಾಣದಂತೆ ಅವರ ಜೊತೆಗಿನ ಫೋಟೊ ಹಾಕಬಹುದೇ?

ಉತ್ತರ: ಬೇಡ. ಊರಿನಲ್ಲಿ ಉಳಿದ ಅವರ ಮನೆಯವರನ್ನು ಹುಡುಕಲು ಒಂದು ಬಳೆ, ಒಂದು ಶಾಲು ಸಾಕು.

ಪ್ರಶ್ನೆ: ಪ್ರಬಂಧಕ್ಕೆ ಕೆಲವರ ಸಂದರ್ಶನ ಬೇಕು. ನಾನು ಕೆಲಸ ಮಾಡುವ ಕೇಂದ್ರದವರನ್ನೇ ಕೇಳಲೇ?

ಉತ್ತರ: ಫಾರಂ ತುಂಬಿಸಿಕೊಡುವವರೇ ಸಂದರ್ಶನ ಕೇಳಿದರೆ ಬೇಡ ಎನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ನೈತಿಕ ಸಮಿತಿಯ ಅನುಮತಿ ಸಿಕ್ಕರೂ ನನ್ನ ಸಲಹೆ ಒಂದೇ: ವಿಷಯ ಬದಲಿಸಿ.